ಕೊಪ್ಪಳ ಸೀಮೆಯಲ್ಲಿ ವಕ್ರದಂತ ಚಿಕಿತ್ಸೆ

ಸಾಲು ತಪ್ಪಿದ ಹಲ್ಲುಗಳನ್ನೂ ಒಂದಕ್ಕೊಂದು ಸರಿಯಾಗಿ ಕೂಡದ ದವಡೆಗಳನ್ನೂ ಹದವಾದ ಒತ್ತಡದಿಂದ ನಿಧಾನವಾಗಿ ಸರಿಪಡಿಸುವ ದಂತವೈದ್ಯದ ಶಾಖೆಯೇ ವಕ್ರದಂತ ಚಿಕಿತ್ಸೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಜನ ಇದನ್ನು ‘ಕ್ಲಿಪ್ ಹಾಕಿಸೋದು’, ‘ತಂತಿ ಹಾಕಿಸೋದು’ ಎನ್ನುತ್ತಾರೆ. ಉಬ್ಬು ಹಲ್ಲು, ಹಲ್ಲಿನ ಮೇಲೆ ಬಂದ ಹಲ್ಲು, ಮುಂಬಾಯಿಯ ಸಂದು, ಮುಂದೆ ಚಾಚಿದ ಗದ್ದ ಇದರ ವ್ಯಾಪ್ತಿಗೆ ಬರುವ ದೋಷಗಳು. ಇವು ಎಲ್ಲ ಊರುಗಳಲ್ಲೂ ಇವೆ. ಈ ಜಿಲ್ಲೆಯಲ್ಲಿ ಮಾತ್ರ ಇವುಗಳ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಕಂದು ಬಿದ್ದ ಹಲ್ಲು ಇಲ್ಲಿನ ಅನೇಕ ಹಳ್ಳಿಗಳಲ್ಲಿ ದಿನನಿತ್ಯ ಕಾಣುವಂಥದು. ಹೀಗಾಗಿ ಬೇರೆಡೆ ಹಲ್ಲಿಗೆ ಅಂಟಿಸಿ ತಂತಿ ಹಾಯಿಸುವ ಬ್ರ್ಯಾಕೆಟ್ ಲೋಹದ್ದೋ ಬಿಳಿಯದೋ ಎಂಬಲ್ಲಿಂದ ಶುರುವಾಗುವ ಮಾತು ಇಲ್ಲಿ ನೀರಿನಿಂದ ಶುರುವಾಗಬೇಕು.

ನೆಲ ಮತ್ತು ನೀರು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳ ಮೊದಲು ಮೇಲೆ ಹೆಸರಿಸಿದ ನಾಲ್ಕು ತಾಲ್ಲೂಕುಗಳದ್ದಾಗಿತ್ತು. ಕುಕನೂರು, ಕನಕಗಿರಿ, ಕಾರಟಗಿಗಳು ಆಮೇಲೆ ತಾಲ್ಲೂಕುಗಳಾದವು. ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಬಂಡೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ಕಡೆಯನ್ನು ಭತ್ತದ ಕಣಜವಾಗಿಸಿತು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೂ ಬೋರನ್ನೂ ನಂಬಿ ಉಳಿದವು. ಮಳೆ ಕಡಿಮೆಯಾಗಿ ಬೋರು ಆಳಕ್ಕಿಳಿದಂತೆ ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಅಭ್ರಕ, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿರುವ ಫ್ಲೋರೈಡ್ ಆ ನೀರಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಜಿಲ್ಲೆಯ ಹಲವು ಬೋರುಗಳ ನೀರು ಇದನ್ನು ಮೀರಿದೆ.

ಹಲ್ಲು ಕಂದಾಗುವುದಕ್ಕೂ ನೀರಿಗೂ ನಂಟಿದೆ ಎಂದು ಜಗತ್ತಿಗೆ ತಿಳಿದದ್ದು ಬಹಳ ಹಿಂದೇನಲ್ಲ. ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಕಂದು ಹಲ್ಲಿನ ಬೆನ್ನುಹತ್ತಿದರು. ಕಾರಣ ಫ್ಲೋರೈಡ್ ಎಂದು ರಸಾಯನಶಾಸ್ತ್ರಜ್ಞ ಚರ್ಚಿಲ್ ತೋರಿಸಿದ್ದು 1931ರಲ್ಲಿ. ಭಾರತದಲ್ಲಿ 1937ರಲ್ಲಿ, ಆಗ ಮದ್ರಾಸ್ ಪ್ರಾಂತದಲ್ಲಿದ್ದ ನೆಲ್ಲೂರು ಜಿಲ್ಲೆಯಿಂದ ಈ ಕಾಯಿಲೆಯ ಮೊದಲ ದೊಡ್ಡ ವರದಿ ಬಂತು. ಕಲೆಯ ತೀವ್ರತೆಯನ್ನು ದರ್ಜೆಗಳಾಗಿ ವಿಂಗಡಿಸುವ ಡೀನ್ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ.

ಫ್ಲೋರೈಡ್ ಹೊರಗಿನಿಂದ ಬಂದು ಹಲ್ಲಿಗೆ ಅಂಟಿಕೊಳ್ಳುವ ಬಣ್ಣವಲ್ಲ. ಹುಟ್ಟಿನಿಂದ ಎಂಟು ವರ್ಷದವರೆಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ದವಡೆಯೊಳಗೇ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಮಗು ಅತಿಯಾದ ಫ್ಲೋರೈಡ್ ಕುಡಿದರೆ ಎನಾಮಲ್ ಪೂರ್ತಿ ಗಟ್ಟಿಯಾಗದೆ ಮೇಲ್ಪದರದ ಕೆಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡುವಾಗ ಸುಣ್ಣದ ಹಾಗೆ ಬೆಳ್ಳಗೆ ಮಂಕಾಗಿರುತ್ತದೆ. ಕಂದು ಬರುವುದು ಆಮೇಲೆ, ಆ ರಂಧ್ರಗಳು ಬಾಯೊಳಗಿನ ಬಣ್ಣ ಹೀರಿಕೊಂಡಾಗ. ಮೇಲಿನ ಮುಂಬಲ್ಲುಗಳ ಮಟ್ಟಿಗೆ ನಿರ್ಣಾಯಕವಾದ ಕಾಲ ಮೊದಲ ಮೂರು ವರ್ಷ. ಪೂರ್ತಿ ಮೂಡಿದ ಹಲ್ಲಿಗೆ ಹೊಸದಾಗಿ ಈ ದೋಷ ತಗಲುವುದಿಲ್ಲ, ಮೂಡುವ ಮೊದಲೇ ತಗಲಿದ್ದು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದ್ದಿಲು, ಇಟ್ಟಂಗಿ ಪುಡಿ, ಉಪ್ಪು ಹಾಕಿ ತಿಕ್ಕುವವರ ಎನಾಮಲ್ ಸವೆಯುತ್ತದೆ, ಕಲೆ ಅಲ್ಲೇ ಇರುತ್ತದೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆವಿಯಾಗುವುದು ನೀರು ಮಾತ್ರ. ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಸಕ್ರಿಯ ಅಲ್ಯುಮಿನಾ ಸೋಸುಕ, ಆರ್‌ಒ ಯಂತ್ರ ಇವುಗಳಿಂದ ತೆಗೆಯಬಹುದು. ಹೊಳೆಯ ನೀರು ಸಿಕ್ಕರೆ ಅದೇ ಉತ್ತಮ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವುದು ಈಗ ರೂಢಿಯಾಗಿದೆ. ಆದರೆ ಆ ಕೊಡ ಬಹಳ ಮನೆಗಳಲ್ಲಿ ಕುಡಿಯಲಿಕ್ಕಷ್ಟೇ ಮೀಸಲು. ರೊಟ್ಟಿ ಹಿಟ್ಟಿಗೆ ಎಸರಿಡುವುದು, ಅನ್ನ ಬೇಯಿಸುವುದು, ಬ್ಯಾಳಿ ಕುದಿಸುವುದು, ಚಾ ಕಾಸುವುದು ಬೋರಿನ ನೀರಿನಲ್ಲೇ. ಎರಡು ವರ್ಷದ ಮಗುವಿರುವ ಮನೆಯಲ್ಲಿ ಅಡುಗೆಗೂ ಘಟಕದ ನೀರು ಬಳಸಿದರೆ, ಹತ್ತು ವರ್ಷದ ನಂತರ ದಂತವೈದ್ಯರಿಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ದೋಷ ಮತ್ತು ವಯಸ್ಸು

‘ಕ್ಲಿಪ್ ಹಾಕಿದ್ರ ಈ ಕಂದು ಹೋಗತೈತೇನ್ರಿ ಡಾಕ್ಟ್ರ?’ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸಹಜ. ಹೋಗುವುದಿಲ್ಲ. ತಂತಿ ಹಲ್ಲಿನ ಜಾಗವನ್ನು ಬದಲಿಸುತ್ತದೆ, ಬಣ್ಣವನ್ನಲ್ಲ. ಬಣ್ಣಕ್ಕೆ ಬೇರೆ ಚಿಕಿತ್ಸೆಗಳಿವೆ, ಅವುಗಳ ಸರದಿ ಸಾಮಾನ್ಯವಾಗಿ ತಂತಿ ಬಿಚ್ಚಿದ ಮೇಲೆ. ಈ ಎರಡನ್ನೂ ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಎರಡು ವರ್ಷದ ಕೊನೆಗೆ ಸಾಲು ನೆಟ್ಟಗಾಗಿದ್ದರೂ ಮನೆಯವರಿಗೆ ನಿರಾಸೆಯೇ.

ಸಾಲಿನ ದೋಷಗಳನ್ನು ಇಂದಿಗೂ ವಿಂಗಡಿಸುವುದು ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಹಾಕಿಕೊಟ್ಟ ಮೂರು ವರ್ಗಗಳಲ್ಲಿ. ಆರನೆಯ ವರ್ಷಕ್ಕೆ ಮೂಡುವ ಮೊದಲ ಕಾಯಂ ದವಡೆಹಲ್ಲುಗಳು ಮೇಲೆ ಕೆಳಗೆ ಹೇಗೆ ಕೂಡುತ್ತವೆ ಎಂಬುದೇ ಅಳತೆ. ಅವು ಸರಿಯಾಗಿ ಕೂಡಿ ಮುಂದಿನ ಹಲ್ಲುಗಳಷ್ಟೇ ಇಕ್ಕಟ್ಟಾಗಿದ್ದರೆ ಮೊದಲ ವರ್ಗ. ಕೆಳಸಾಲು ಹಿಂದೆ ಸರಿದಿದ್ದರೆ ಎರಡನೆಯದು, ಉಬ್ಬು ಹಲ್ಲಿನ ಬಹುಪಾಲು ಮಕ್ಕಳು ಈ ಗುಂಪಿನವರು. ಕೆಳಸಾಲು ಮುಂದೆ ಬಂದಿದ್ದರೆ ಮೂರನೆಯದು. ಕಾರಣಗಳಲ್ಲಿ ಮನೆತನದ ಬಳುವಳಿ ದೊಡ್ಡದು: ಅಪ್ಪನ ದವಡೆ, ಅವ್ವನ ಹಲ್ಲು. ಬೆರಳು ಚೀಪುವುದು, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು, ನುಂಗುವಾಗ ನಾಲಿಗೆಯನ್ನು ಹಲ್ಲಿಗೆ ಒತ್ತುವುದು ಉಳಿದವು. ಹುಳುಕಾದ ಹಾಲುಹಲ್ಲನ್ನು ‘ಹೆಂಗೂ ಬಿದ್ದು ಹೋಗೂದೈತಿ’ ಎಂದು ಬೇಗ ಕೀಳಿಸುವುದೂ ಒಂದು ಕಾರಣ. ಹಾಲು ದವಡೆಹಲ್ಲು ತನ್ನ ಜಾಗಕ್ಕೆ ಬರುವ ಕಾಯಂ ಹಲ್ಲಿಗಾಗಿ ಸ್ಥಳ ಕಾದಿರಿಸಿರುತ್ತದೆ. ಕಿತ್ತರೆ ಪಕ್ಕದ ಹಲ್ಲು ಒಳಗೆ ವಾಲಿಕೊಂಡು ಹೊಸಬನಿಗೆ ಜಾಗವಿಲ್ಲದಂತಾಗುತ್ತದೆ. ಹಲ್ಲಿನ ಮೇಲೆ ಹಲ್ಲು ಅದೃಷ್ಟದ ಗುರುತು ಎಂದು ಹೇಳುವ ಹಿರಿಯರಿದ್ದಾರೆ. ಅದೃಷ್ಟದ ಮಾತು ಇರಲಿ, ಆ ಸಂದಿಯಲ್ಲಿ ಬ್ರಶ್ ಆಡುವುದಿಲ್ಲ.

ಏಳೆಂಟು ವರ್ಷಕ್ಕೆ ಒಮ್ಮೆ ತೋರಿಸುವುದು ಒಳ್ಳೆಯದು. ಬಹುಪಾಲು ಮಕ್ಕಳಿಗೆ ಆಗ ಏನೂ ಮಾಡಬೇಕಾಗಿರುವುದಿಲ್ಲ. ಆದರೆ ಮೇಲ್ದವಡೆ ಹಿಂದುಳಿದ ಮೂರನೆಯ ವರ್ಗದ ಮಗುವಿಗೆ ಮುಖಕ್ಕೆ ತೊಡಿಸುವ ಉಪಕರಣ ಹತ್ತು ವರ್ಷದೊಳಗೆ ಹೆಚ್ಚು ಕೆಲಸ ಮಾಡುತ್ತದೆ. ಕಿರಿದಾದ ಮೇಲ್ದವಡೆಯನ್ನು ತಿರುಪಿನಿಂದ ಅಗಲಿಸುವುದು ಅಂಗುಳಿನ ನಡುಗೆರೆ ಬೆಸೆದುಕೊಳ್ಳುವ ಮೊದಲು ಸುಲಭ. ಹಿಂದುಳಿದ ಕೆಳದವಡೆಯನ್ನು ಮುಂದೆ ಹಿಡಿಯುವ, ತೆಗೆದು ಹಾಕಬಹುದಾದ ಟ್ವಿನ್ ಬ್ಲಾಕ್ ಉಪಕರಣ ಮಗು ಸರಸರನೆ ಎತ್ತರ ಬೆಳೆಯುವ ವರ್ಷಗಳಲ್ಲಿ ಉಪಯುಕ್ತ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ್ದು ಅದು. ಪಿಯುಸಿ ಮುಗಿದ ಮೇಲೆ, ಮದುವೆ ಮಾತು ಬಂದ ಮೇಲೆ ನೋಡೋಣ ಎಂದು ಮುಂದೂಡಿದರೆ ಈ ದಾರಿಗಳು ಮುಚ್ಚಿರುತ್ತವೆ. ಆಗ ಉಳಿಯುವುದು ಹಲ್ಲು ಸರಿಸಿ ದವಡೆಯ ದೋಷವನ್ನು ಮರೆಮಾಚುವುದು, ಇಲ್ಲವೇ ಬೆಳವಣಿಗೆ ನಿಂತ ಮೇಲೆ ದವಡೆಯ ಶಸ್ತ್ರಚಿಕಿತ್ಸೆ. ಬರೀ ಹಲ್ಲು ಸರಿಸಲಿಕ್ಕೆ ಮಾತ್ರ ವಯಸ್ಸಿನ ಗಡಿಯಿಲ್ಲ. ಒಸಡು ಮತ್ತು ಎಲುಬು ಗಟ್ಟಿ ಇದ್ದರೆ ನಲವತ್ತರಲ್ಲೂ ಆಗುತ್ತದೆ.

ಹಲ್ಲು ಸರಿಯುವ ಬಗೆ

ಹಲ್ಲು ನೇರವಾಗಿ ಎಲುಬಿಗೆ ಅಂಟಿಕೊಂಡಿಲ್ಲ, ನಡುವೆ ನಾರಿನ ತೆಳುಪದರ ಇದೆ. ಹದವಾದ ಒತ್ತಡ ಒಂದೇ ಸಮನೆ ಬಿದ್ದಾಗ ಒತ್ತಿದ ಕಡೆ ಎಲುಬು ಕರಗುತ್ತದೆ, ಬಿಟ್ಟ ಕಡೆ ಹೊಸದು ಕೂಡುತ್ತದೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ವೇಗದಲ್ಲಿ. ಬಲ ಹೆಚ್ಚಿಸಿದರೆ ಬೇಗ ಮುಗಿಯುವುದಿಲ್ಲ. ನಾರುಪದರದ ರಕ್ತ ಸಂಚಾರ ನಿಂತು ಹಲ್ಲು ತಡೆಯುತ್ತದೆ, ಬೇರು ಸವೆಯುವ ಅಪಾಯವೂ ಇದೆ. ‘ಆರು ತಿಂಗಳಲ್ಲಿ ಗ್ಯಾರಂಟಿ’ ಎಂಬ ಬೋರ್ಡನ್ನು ಅನುಮಾನದಿಂದಲೇ ನೋಡಬೇಕು. ಸಾಮಾನ್ಯ ಅವಧಿ ಒಂದೂವರೆಯಿಂದ ಎರಡು ವರ್ಷ, ಹಲ್ಲು ಕಿತ್ತು ಜಾಗ ಮಾಡಿದ್ದರೆ ಇನ್ನೂ ಕೆಲವು ತಿಂಗಳು.

ಫ್ರಾನ್ಸಿನ ಪಿಯೆರ್ ಫೋಷಾರ್ 1728ರ ತನ್ನ ಗ್ರಂಥದಲ್ಲೇ ಹಲ್ಲಿನ ಸಾಲಿಗೆ ಕಟ್ಟುವ ಲೋಹದ ಪಟ್ಟಿಯನ್ನು ವಿವರಿಸಿದ್ದ. ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸುವ ಕಷ್ಟ ತಪ್ಪಿದ್ದು 1955ರಲ್ಲಿ ಸಂಶೋಧಕ ಬ್ಯುವೊನಕೋರ್ ಎನಾಮಲ್ಲನ್ನು ಆಮ್ಲದಿಂದ ತರಿಯಾಗಿಸಿ ಅಂಟು ಹಿಡಿಸುವ ವಿಧಾನ ತೋರಿಸಿದ ಮೇಲೆ. 1970ರ ದಶಕದಲ್ಲಿ ಬಾಗಿಸಿದರೂ ತನ್ನ ಆಕಾರಕ್ಕೆ ಮರಳುವ ನಿಕ್ಕಲ್-ಟೈಟಾನಿಯಂ ತಂತಿಯೂ, ಹಲ್ಲಿನ ಓರೆಯನ್ನು ತನ್ನ ಕೊರಕಲಿನಲ್ಲೇ ಅಡಗಿಸಿಕೊಂಡ ಆಂಡ್ರೂಸ್ ಬ್ರ್ಯಾಕೆಟ್ಟೂ ಬಂದವು. ಇಂದು ಗಂಗಾವತಿಯ ಕ್ಲಿನಿಕ್ಕಿನಲ್ಲಿ ಅಂಟಿಸುವ ಬ್ರ್ಯಾಕೆಟ್ ಈ ವಂಶದ್ದೇ.

ಆಯ್ಕೆಗಳು

ಲೋಹದ ಬ್ರ್ಯಾಕೆಟ್ ಎಲ್ಲಕ್ಕಿಂತ ಅಗ್ಗ, ಗಟ್ಟಿ, ಎಂಥ ಜಟಿಲ ಸಾಲಿಗೂ ಆಗುತ್ತದೆ. ಕಾಣುತ್ತದೆ ಎಂಬುದೊಂದೇ ಅದರ ದೋಷ. ಸೆರಾಮಿಕ್ ಬ್ರ್ಯಾಕೆಟ್ ಹಲ್ಲಿನ ಬಣ್ಣದ್ದು. ದಪ್ಪ, ದುಬಾರಿ, ಒಡೆಯುವಂಥದು, ಅದಕ್ಕೆ ಹಾಕುವ ಬಿಳಿ ರಬ್ಬರ್ ಉಂಗುರ ಅರಿಸಿಣದ ಸಾರಿಗೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ರಬ್ಬರ್ ಬೇಡದ, ತಾನೇ ಬಾಗಿಲು ಮುಚ್ಚಿಕೊಳ್ಳುವ ಬ್ರ್ಯಾಕೆಟ್ ಶುಚಿಗೆ ಅನುಕೂಲ. ಚಿಕಿತ್ಸೆ ಬಹಳ ಬೇಗ ಮುಗಿಯುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಲ್ಲಿನ ಒಳಬದಿಗೆ ಅಂಟಿಸುವ ಬಗೆ ದೊಡ್ಡ ನಗರಗಳದು.

ಪಾರದರ್ಶಕ ಅಲೈನರ್ ಎಂದರೆ ಹಲ್ಲಿನ ಸಾಲಿನ ಮೇಲೆ ಕೂಡುವ ತೆಳು ಪ್ಲಾಸ್ಟಿಕ್ ತೊಡುಗೆ. ಒಂದಾದ ಮೇಲೊಂದು, ವಾರ ಎರಡು ವಾರಕ್ಕೆ ಬದಲಿಸುತ್ತ ಹೋಗಬೇಕು. ಇದನ್ನು ಜಗತ್ತಿಗೆ ತಂದ ಅಲೈನ್ ಟೆಕ್ನಾಲಜಿ ಕಂಪನಿ ಹುಟ್ಟಿದ್ದು 1997ರಲ್ಲಿ. ಊಟಕ್ಕೆ ತೆಗೆಯಬಹುದು, ಬ್ರಶ್ಶಿಗೆ ಅಡ್ಡಿಯಿಲ್ಲ. ಖರ್ಚು ಮಾತ್ರ ಹೆಚ್ಚು. ದಿನಕ್ಕೆ 20ರಿಂದ 22 ತಾಸು ಹಾಕಿರಲೇಬೇಕು. ತಾಸಿಗೊಮ್ಮೆ ಚಾ, ನಡುವೆ ಎಲಿ ಅಡಿಕಿ ಹಾಕುವವರಿಗೆ ಇದು ಹೊಂದುವುದಿಲ್ಲ. ಎಕ್ಸ್‌ರೇ ಇಲ್ಲದೆ, ವೈದ್ಯರು ಬಾಯಿ ನೋಡದೆ ಅಂಚೆಯಲ್ಲಿ ಬರುವ ಅಲೈನರ್ ಒಸಡಿನ ರೋಗ ಇರುವವರ ಹಲ್ಲನ್ನೇ ಅಲುಗಾಡಿಸಬಲ್ಲದು.

ಆರೋಗ್ಯವಂತ ಹಲ್ಲು ಕೀಳಿಸುವುದಕ್ಕೆ ಹೆದರುವವರು ಬಹಳ. ಉಬ್ಬು ಹೆಚ್ಚಿದ್ದಾಗ ಕೋರೆಹಲ್ಲಿನ ಹಿಂದಿನ ಕಿರುದವಡೆ ಹಲ್ಲುಗಳನ್ನು ತೆಗೆದು ಮುಂದಿನವನ್ನು ಹಿಂದೆ ತರುವುದು ನೂರು ವರ್ಷ ಚರ್ಚೆಯಾಗಿ ನೆಲೆಗೊಂಡ ಕ್ರಮ. ಇಕ್ಕಟ್ಟು ಕಡಿಮೆ ಇದ್ದರೆ ಬೇಡ. ಕೇಳಬೇಕಾದ್ದು ‘ಕೀಳಬೇಕಾ’ ಎಂದಲ್ಲ, ‘ಕೀಳದಿದ್ದರೆ ನನ್ನ ತುಟಿ ಎಲ್ಲಿ ನಿಲ್ಲುತ್ತದೆ’ ಎಂದು. ತಲೆಯ ಪಕ್ಕದ ಎಕ್ಸ್‌ರೇ ತೋರಿಸಿ ಉತ್ತರ ಹೇಳಬಲ್ಲ ವೈದ್ಯರನ್ನು ನಂಬಬಹುದು.

ಇದಕ್ಕಿಂತ ಹೆಚ್ಚು ಅಂಜಬೇಕಾದ್ದು ಇನ್ನೊಂದಿದೆ. ಮದುವೆ ಹತ್ತಿರವಾದಾಗ ಉಬ್ಬು ಹಲ್ಲುಗಳನ್ನು ಅರೆದು, ನರ ತೆಗೆದು, ಮೇಲೆ ಕ್ಯಾಪ್ ಕೂಡಿಸಿ ವಾರದಲ್ಲಿ ‘ಸರಿ’ ಮಾಡುವುದುಂಟು. ಇಪ್ಪತ್ತೆರಡರ ಹುಡುಗಿಯ ಆರು ಜೀವಂತ ಹಲ್ಲುಗಳು ಹೀಗೆ ಹೋದರೆ ಆಯುಷ್ಯವಿಡೀ ಕ್ಯಾಪ್ ಬದಲಿಸುತ್ತಿರಬೇಕು. ಮುಂಬಲ್ಲಿನ ಸಂದು ಮುಚ್ಚಲು ಸಾದಾ ರಬ್ಬರ್ ಬ್ಯಾಂಡ್ ತೊಡಿಸುವುದಂತೂ ಅನಾಹುತ. ಅದು ಬೇರಿನ ಮೊನಚಿನ ಕಡೆ ಜಾರಿ ಒಸಡಿನೊಳಗೆ ಮರೆಯಾಗುತ್ತದೆ, ಎಲುಬು ತಿನ್ನುತ್ತದೆ, ಎರಡೂ ಹಲ್ಲು ಉದುರಬಹುದು.

ಕಂದು ಹಲ್ಲಿಗೆ ಬ್ರ್ಯಾಕೆಟ್

ಫ್ಲೋರೈಡ್ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗದು, ಅದರ ಕೆಳಗಿನದು ಮಾತ್ರ ರಂಧ್ರಮಯ. ಸಾಮಾನ್ಯ ಹಲ್ಲಿಗೆ 37 ಪ್ರತಿಶತ ಫಾಸ್ಫಾರಿಕ್ ಆಮ್ಲವನ್ನು 15ರಿಂದ 30 ಸೆಕೆಂಡ್ ಹಚ್ಚಿದರೆ ಅಂಟು ಹಿಡಿಯುತ್ತದೆ. ಇಲ್ಲಿ ಅಷ್ಟು ಸಾಲದು. ಹೊತ್ತು ಹೆಚ್ಚಿಸಬೇಕು, ಇಲ್ಲವೇ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿಯೋ ಸಣ್ಣ ಕಣಗಳ ಗಾಳಿ ಹೊಡೆದೋ ತರಿ ಮಾಡಿಕೊಳ್ಳಬೇಕು. ಹೀಗೆ ಮಾಡಿಯೂ ಬ್ರ್ಯಾಕೆಟ್ ಬೀಳುವುದು ಹೆಚ್ಚು, ಬಿದ್ದಾಗಲೆಲ್ಲ ಚಿಕಿತ್ಸೆ ಕೆಲವು ವಾರ ಹಿಂದೆ ಹೋಗುತ್ತದೆ. ಕಲೆ ತೀವ್ರವಾಗಿ ಗುಳಿ ಬಿದ್ದ ಹಲ್ಲಿಗೆ ಸೆರಾಮಿಕ್ ಬೇಡ ಎನ್ನುವುದೇ ಮೇಲು: ಕೊನೆಗೆ ಬಿಚ್ಚುವಾಗ ಅದರ ಜೊತೆ ಎನಾಮಲ್ ಚೂರೂ ಕಿತ್ತು ಬರಬಹುದು. ಹಿಂದಿನ ದವಡೆಹಲ್ಲಿಗೆ ಅಂಟಿಸುವ ಕೊಳವೆಗಿಂತ ಹಳೆಯ ಕಾಲದ ಲೋಹದ ಬಳೆ ಇಂಥವರಿಗೆ ಹೆಚ್ಚು ಭದ್ರ. ಅಲೈನರಿಗೂ ಹಲ್ಲಿನ ಮೇಲೆ ಸಣ್ಣ ಉಬ್ಬುಗಳನ್ನು ಅಂಟಿಸಬೇಕಾಗುವುದರಿಂದ ಅದೂ ಈ ತೊಡಕಿನಿಂದ ಪಾರಲ್ಲ.

ತಂತಿ ಬಿಚ್ಚಿದ ಮೇಲೆ ಬಣ್ಣದ ಸರದಿ. ತೆಳು ಕಲೆಗೆ ಆಮ್ಲ ಬೆರೆಸಿದ ನಯಪುಡಿಯಿಂದ ಉಜ್ಜುವ ಸೂಕ್ಷ್ಮ ಸವೆತ, ಅದರ ಜೊತೆಗೆ ವೈದ್ಯರ ಕಣ್ಣಮುಂದೆ ಬ್ಲೀಚಿಂಗ್ ಆಗಬಹುದು. ಬಿಳಿ ಮಚ್ಚೆಗೆ ರಂಧ್ರಗಳೊಳಗೆ ರಾಳ ಇಳಿಸುವ ವಿಧಾನವಿದೆ. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಲೇಪ ಅಥವಾ ವೆನೀರ್. ಸಾಲು ಮೊದಲೇ ನೆಟ್ಟಗಾಗಿದ್ದರೆ ಇವುಗಳಿಗಾಗಿ ಅರೆಯಬೇಕಾದ ಎನಾಮಲ್ ಕಡಿಮೆ. ಸಾಲು ಮೊದಲು, ಬಣ್ಣ ಆಮೇಲೆ ಎನ್ನುವುದಕ್ಕೆ ಇದೂ ಒಂದು ಕಾರಣ.

ತಂತಿಯ ಬಾಯಿಗೆ ಊಟ

ದಂತವೈದ್ಯರು ಕೊಡುವ ಅಚ್ಚಾದ ಚೀಟಿಯಲ್ಲಿ ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್ ಬೇಡ ಎಂದಿರುತ್ತದೆ. ಈ ಸೀಮೆಯ ಚೀಟಿಯಲ್ಲಿ ಮೊದಲು ಬರೆಯಬೇಕಾದ್ದು ಕಟಿರೊಟ್ಟಿ. ಒಣಗಿಸಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿಗಳನ್ನು ಮುಂಬಲ್ಲಿನಿಂದ ಮುರಿದರೆ ಕೆಳಸಾಲಿನ ಬ್ರ್ಯಾಕೆಟ್ ಹೋದಂತೆಯೇ. ಬಿಸಿ ರೊಟ್ಟಿಗೆ ತೊಂದರೆಯಿಲ್ಲ. ಕಟಿರೊಟ್ಟಿಯನ್ನು ಸಾರಿನಲ್ಲೋ ಮೊಸರಿನಲ್ಲೋ ನೆನೆಸಿ ತಿನ್ನಬಹುದು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ರೊಟ್ಟಿ ಬಂದು ಬೀಳುವ ಜನವರಿಯಲ್ಲಿ ಈ ಮಾತು ನೆನಪಿರಬೇಕು. ಕಬ್ಬು ಸಿಗಿಯುವುದು, ಇಡೀ ಪೇರಲ, ಶೇಂಗಾ ಉಂಡಿ, ಕರದಂಟು, ಹುರಿದ ಕಡಲೆ ಬಿಡಬೇಕು. ಊಟಕ್ಕೆ ಕಚ್ಚುವ ಗಜ್ಜರಿ, ಮೂಲಂಗಿ, ಸವತಿಕಾಯಿಯನ್ನು ಹೆಚ್ಚಿಯೋ ತುರಿದೋ ತಿನ್ನಬಹುದು. ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ತಂತಿಯನ್ನು ಮುರಿಯುವುದಿಲ್ಲ, ಆದರೆ ಸಂದಿ ತುಂಬುತ್ತವೆ. ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿಗಳೂ ಅಷ್ಟೇ: ತಿನ್ನಬಹುದು, ತಿಂದ ಕೂಡಲೇ ಬಾಯಿ ಮುಕ್ಕಳಿಸಬೇಕು.

ಬ್ರ್ಯಾಕೆಟ್ ಸುತ್ತ ಕಸರು ನಿಂತರೆ ಆರೇ ವಾರದಲ್ಲಿ ಎನಾಮಲ್ ಸುಣ್ಣ ಕಳೆದುಕೊಂಡು ಬಿಳಿ ಮಚ್ಚೆ ಮೂಡಬಹುದು. ಫ್ಲೋರೈಡ್ ಹಲ್ಲಿನ ಮೇಲೆ ಇದೂ ಸೇರಿದರೆ ಯಾವುದು ಹಳೆಯದು ಯಾವುದು ಹೊಸದು ಎಂದು ಗೊತ್ತಾಗದು, ಆದ್ದರಿಂದ ಚಿಕಿತ್ಸೆಗೆ ಮೊದಲು ಫೋಟೋ ತೆಗೆಸಿಡಬೇಕು. ಊಟವಾದ ಮೇಲೆ ಬ್ರಶ್, ತಂತಿಯಡಿ ತೂರುವ ಸಣ್ಣ ಬ್ರಶ್, ದಿನಕ್ಕೆರಡು ಬಾರಿ ಪೇಸ್ಟ್. ‘ನಮ್ಮೂರಾಗ ಮೊದಲ ಫ್ಲೋರೈಡ್ ಹೆಚ್ಚು, ಮತ್ತ ಪೇಸ್ಟಿನಾಗೂ ಯಾಕ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಲ್ಲು ಪೂರ್ತಿ ಮೂಡಿದ, ಉಗುಳಲು ಬರುವ ದೊಡ್ಡವರಿಗೆ ಫ್ಲೋರೈಡ್ ಪೇಸ್ಟ್ ಹುಳುಕಿನಿಂದ ಕಾಪಾಡುತ್ತದೆ. ಪೇಸ್ಟ್ ನುಂಗುವ ಚಿಕ್ಕ ಮಗುವಿಗೆ ಇಂಥ ಊರಿನಲ್ಲಿ ಯಾವುದು, ಎಷ್ಟು ಎಂಬುದನ್ನು ನೀರಿನ ಪರೀಕ್ಷೆಯ ಅಂಕಿ ಹಿಡಿದು ವೈದ್ಯರು ಹೇಳಬೇಕು.

ಗುಟ್ಕಾಕ್ಕೆ ಕರ್ನಾಟಕದಲ್ಲಿ 2013ರಿಂದ ನಿಷೇಧವಿದೆ, ಬಾಯಿಗೆ ಬೀಳುವುದು ನಿಂತಿಲ್ಲ. ಅಡಿಕೆಯಿಂದ ಕೆನ್ನೆಯೊಳಗಿನ ಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾದ ಯುವಕರಿಗೆ ದವಡೆಹಲ್ಲಿನ ಮೇಲೆ ಬ್ರ್ಯಾಕೆಟ್ ಕೂಡಿಸಲು ಕೈ ಹೋಗುವುದಿಲ್ಲ.

ತಂತಿ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ಎಲ್ಲ ಕಡೆಯ ತಪ್ಪು. ನಾರುಪದರ ಹಳೆಯ ಜಾಗದ ಕಡೆ ಎಳೆಯುತ್ತಲೇ ಇರುತ್ತದೆ. ಹಲ್ಲನ್ನು ಹೊಸ ಜಾಗದಲ್ಲಿ ಹಿಡಿದಿಡುವ ಹಾಲೆ ರಿಟೇನರ್ ಅಥವಾ ಪಾರದರ್ಶಕ ರಿಟೇನರ್ ಯಾವುದಾದರೂ ಸರಿ, ಮೊದಲ ತಿಂಗಳುಗಳಲ್ಲಿ ಹಗಲಿರುಳು, ಆಮೇಲೆ ವರ್ಷಗಟ್ಟಲೆ ರಾತ್ರಿ ಹಾಕಬೇಕು; ಹಲ್ಲಿನ ಹಿಂದೆ ಅಂಟಿಸಿದ ತಂತಿಯಾದರೆ ಅದು ಹಾಗೆಯೇ ಇರಬೇಕು.

ಎಲ್ಲಿ, ಯಾರಲ್ಲಿ

ವಕ್ರದಂತ ತಜ್ಞರೆಂದರೆ ಬಿಡಿಎಸ್ ಆದ ಮೇಲೆ ಇದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಮಾಡಿದವರು. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದಂತ ಕಾಲೇಜಿಗೆ ಬಳ್ಳಾರಿ, ರಾಯಚೂರು, ಬಾಗಲಕೋಟೆ ಅಥವಾ ಧಾರವಾಡಕ್ಕೆ ಹೋಗಬೇಕು. ಕಾಲೇಜುಗಳಲ್ಲಿ ಖರ್ಚು ಕಡಿಮೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಹಿರಿಯರ ನಿಗಾದಲ್ಲಿ ಮಾಡುವುದರಿಂದ ಸಮಯ ಹೆಚ್ಚು. ಜಿಲ್ಲೆಯ ಪಟ್ಟಣಗಳ ಖಾಸಗಿ ಕ್ಲಿನಿಕ್ಕುಗಳಲ್ಲಿ ರೂಢಿ ಬೇರೆ: ತಜ್ಞರು ತಿಂಗಳಲ್ಲಿ ಗೊತ್ತಾದ ದಿನ ಬೇರೆ ಊರಿನಿಂದ ಬಂದು ಹೋಗುತ್ತಾರೆ. ನಡುವೆ ಬ್ರ್ಯಾಕೆಟ್ ಬಿದ್ದರೆ, ತಂತಿ ಚುಚ್ಚಿದರೆ ಯಾರು ನೋಡುತ್ತಾರೆ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.

ಸರ್ಕಾರದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಕಟ್ಟುಹಲ್ಲು ಕೊಡುವುದಕ್ಕಾಗಿ ಬಂದದ್ದು, ತಂತಿ ಅದರಲ್ಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ನೋಡುತ್ತವೆ; ಸೀಳುತುಟಿ, ಸೀಳು ಅಂಗುಳಿನ ಮಕ್ಕಳನ್ನು ಶಸ್ತ್ರಚಿಕಿತ್ಸೆಗೆ ಕಳಿಸುತ್ತವೆ. ಈ ಮಕ್ಕಳಿಗೆ ತಂತಿ ಅಂದದ ಮಾತಲ್ಲ. ಎಂಟರಿಂದ ಹನ್ನೊಂದು ವರ್ಷದ ನಡುವೆ ಸೀಳಿಗೆ ಎಲುಬು ತುಂಬುವ ಮೊದಲು ದವಡೆಯನ್ನು ಅಗಲಿಸಿ ಸಿದ್ಧ ಮಾಡುವುದು ವಕ್ರದಂತ ತಜ್ಞರ ಕೆಲಸ, ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ನಾಲ್ಕರಿಂದ ಆರು ವಾರಕ್ಕೊಮ್ಮೆ, ಎರಡು ವರ್ಷ ಹೋಗಿಬರುವುದೇ ಹಳ್ಳಿಯವರಿಗೆ ನಿಜವಾದ ಭಾರ. 2019ರಲ್ಲಿ ಗಂಗಾವತಿಗೂ 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂದು ಹುಬ್ಬಳ್ಳಿ-ಧಾರವಾಡದ ದಾರಿ ಸ್ವಲ್ಪ ಹಗುರಾಗಿದೆ. ಆದರೂ ಬೇಸಿಗೆಯಲ್ಲಿ ಕುಟುಂಬದೊಡನೆ ಗುಳೆ ಹೋಗುವ ಮಗು, ಹತ್ತನೆಯದು ಮುಗಿಸಿ ವಿಜಯಪುರ, ಧಾರವಾಡದ ಹಾಸ್ಟೆಲ್ ಸೇರುವ ಹುಡುಗ ಚಿಕಿತ್ಸೆಯ ನಡುವೆಯೇ ಕಣ್ಮರೆಯಾಗುತ್ತಾರೆ. ಯಾರೂ ನೋಡದ ತಂತಿ ತನ್ನಷ್ಟಕ್ಕೆ ಹಲ್ಲನ್ನು ಎಳೆಯುತ್ತ ಹೋಗಬಹುದು. ಊರು ಬಿಡುವುದು ಮೊದಲೇ ತಿಳಿದರೆ ವೈದ್ಯರು ಒತ್ತಡವಿಲ್ಲದ ತಂತಿ ಕಟ್ಟಿ ಕಳಿಸುತ್ತಾರೆ. ಹೊಸ ಊರಿನ ತಜ್ಞರಿಗೆ ಒಯ್ಯಬೇಕಾದವು: ಮೊದಲ ದಿನದ ಹಲ್ಲಿನ ಅಚ್ಚು ಮತ್ತು ಫೋಟೋ, ಎಕ್ಸ್‌ರೇಗಳು, ಬ್ರ್ಯಾಕೆಟ್ಟಿನ ಬಗೆ ಮತ್ತು ಕೊರಕಲಿನ ಅಳತೆ, ಕಟ್ಟಿದ ಹಣದ ರಸೀದಿ.